ಒಂದು ಗಣಕ, ಇಬ್ಬರು ಒಡೆಯರು

ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಗುಂಡಿ ಒತ್ತಿದೊಡನೆ ಅದು ನೇರವಾಗಿ ಕೆಲಸಕ್ಕೆ ಇಳಿಯುವುದಿಲ್ಲ. ಪರದೆಯ ಮೇಲೆ ನಾಲ್ಕಾರು ಸಾಲು ಮೂಡಿಸಿ, ಉಬುಂಟು ಬೇಕೋ ವಿಂಡೋಸ್ ಬೇಕೋ ಎಂದು ಕೇಳಿ ಕಾಯುತ್ತ ನಿಲ್ಲುತ್ತದೆ. ಕೆಲವು ಸೆಕೆಂಡುಗಳಲ್ಲಿ ಉತ್ತರ ಬಾರದಿದ್ದರೆ ತಾನೇ ಒಂದನ್ನು ಆರಿಸಿಕೊಂಡು ಮುಂದೆ ಸಾಗುತ್ತದೆ. ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಇದು ಈಗ ಪರಿಚಿತ ನೋಟ.

ಗದಗ ತಾಲ್ಲೂಕಿನ ಹರ್ತಿಯಿಂದ ಬಸ್ಸು ಹಿಡಿದು ಗದಗ-ಬೆಟಗೇರಿಯ ಕಾಲೇಜಿಗೆ ಹೋಗಿಬರುವ ಹುಡುಗನೊಬ್ಬ ಇಂಥ ಲ್ಯಾಪ್‌ಟಾಪನ್ನು ಮನೆಗೆ ತಂದಿದ್ದಾನೆ ಎಂದಿಟ್ಟುಕೊಳ್ಳೋಣ. ತಂದೆ ಪರದೆ ನೋಡಿ, "ಯಾಕೋ ತಮ್ಮಾ, ಎರಡೆರಡು ಹೆಸರು ಯಾಕ ಬರತಾವ? ಕೆಟ್ಟೈತೇನು?" ಎಂದು ಕೇಳುತ್ತಾನೆ. "ಕೆಟ್ಟಿಲ್ಲಪ್ಪಾ, ಇದರಾಗ ಎರಡು ಸಿಸ್ಟಂ ಅದಾವ. ಒಂದು ತೆಗದುಬಿಡತೇನಿ" ಎಂದು ಮಗ ಹೇಳುತ್ತಾನೆ. ಆ ಮಾತು ಆಡುವುದು ಸುಲಭ. ಆದರೆ ಕ್ರಮ ತಪ್ಪಿ ತೆಗೆದರೆ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಏಳುವುದೇ ಇಲ್ಲ. ಗಾಬರಿಯಿಂದ ಅಂಗಡಿಗೆ ಒಯ್ದರೆ, "ಪೂರ್ತಿ ಫಾರ್ಮ್ಯಾಟ್ ಮಾಡಬೇಕು" ಎಂಬ ಉತ್ತರ ಸಿಗುವುದುಂಟು. ಹಾಗೆ ಮಾಡಿಸಿದರೆ ಪ್ರಾಜೆಕ್ಟ್ ವರದಿ, ಅಂಕಪಟ್ಟಿಗಳ ಪ್ರತಿ, ಮನೆಯ ಮದುವೆಯ ಫೋಟೋ ಎಲ್ಲವೂ ಹೋಗುತ್ತವೆ. ನಿಜವಾಗಿ ನೋಡಿದರೆ ಇಂಥ ಸಂದರ್ಭಗಳಲ್ಲಿ ಅಳಿಸಬೇಕಾದ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಹೀಗೇಕೆ ಆಗುತ್ತದೆ ಎಂಬುದು ತಿಳಿದರೆ ಈ ನಷ್ಟ ತಪ್ಪುತ್ತದೆ.

ಇಬ್ಬರು ಏಕೆ ಬಂದರು?

ಗಣಕದ ಯಂತ್ರಭಾಗಗಳಿಗೆ ತಮ್ಮಷ್ಟಕ್ಕೆ ತಾವೇ ಏನೂ ತಿಳಿಯದು. ಕೀಲಿಮಣೆಯ ಒತ್ತುವಿಕೆಯನ್ನು ಅಕ್ಷರವಾಗಿ ಪರದೆಗೆ ತಲುಪಿಸುವುದು, ಕಡತವನ್ನು ಡಿಸ್ಕಿನ ಯಾವ ಭಾಗದಲ್ಲಿ ಬರೆಯಬೇಕೆಂದು ಗೊತ್ತುಮಾಡುವುದು, ಹಲವು ತಂತ್ರಾಂಶಗಳಿಗೆ ಸರದಿಯಂತೆ ಸಮಯ ಹಂಚುವುದು, ಇವೆಲ್ಲ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ ಮಾಡುವ ಕೆಲಸ. ಒಂದು ಹೊತ್ತಿಗೆ ಒಂದೇ ವ್ಯವಸ್ಥೆ ಗಣಕದ ಒಡೆತನ ವಹಿಸುತ್ತದೆ. ಆದರೆ ಡಿಸ್ಕನ್ನು ಪಾಲು ಮಾಡಿ ಎರಡು ವ್ಯವಸ್ಥೆಗಳನ್ನು ಇಟ್ಟು, ಪ್ರತಿ ಸಲ ಆರಂಭಿಸುವಾಗ ಒಂದನ್ನು ಆರಿಸಿಕೊಳ್ಳಬಹುದು. ಇದಕ್ಕೆ 'ಡ್ಯುಯಲ್ ಬೂಟ್' ಎಂದು ಹೆಸರು.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಹಣ ಕೊಟ್ಟು ಪಡೆಯುವ ವ್ಯವಸ್ಥೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಅದರ ಬೆಲೆಯೂ ಸೇರಿರುತ್ತದೆ. ಲಿನಕ್ಸ್‌ನ ಹುಟ್ಟು ಬೇರೆ ಬಗೆಯದು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಅದರ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ 'ಗ್ನೂ' ಯೋಜನೆಯ ಉಪಕರಣಗಳು ಅದಕ್ಕೆ ಜೊತೆಯಾದವು. ಜಗತ್ತಿನ ಸಾವಿರಾರು ಜನ ಅದನ್ನು ಬೆಳೆಸಿದರು. ಅದರ ಒಂದು ರೂಪವಾದ ಉಬುಂಟು 2004ರಲ್ಲಿ ಬಂತು. ಅದನ್ನು ಯಾರಾದರೂ ಹಣ ಕೊಡದೆ ಪಡೆಯಬಹುದು, ಇನ್ನೊಬ್ಬರಿಗೂ ಹಂಚಬಹುದು.

ಕನ್ನಡ ಮನೆಗಳಿಗೆ ಲಿನಕ್ಸ್ ಹಲವು ದಾರಿಗಳಿಂದ ಬಂದಿದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ 'ಐ.ಟಿ. ಅಟ್ ಸ್ಕೂಲ್' ಯೋಜನೆ ಮುಂದೆ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಿಂದ 'ಕೈಟ್' ಎಂಬ ಸಂಸ್ಥೆ ಆ ಕೆಲಸ ನಡೆಸುತ್ತಿದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಲಿನಕ್ಸ್. ಮನೆಯ ಗಣಕದಲ್ಲಿ ವಿಂಡೋಸ್ ಇದ್ದರೆ ಪಾಠಕ್ಕಾಗಿ ಎರಡನೆಯದನ್ನು ಸೇರಿಸಬೇಕಾಗುತ್ತದೆ. ತಮಿಳುನಾಡು ಸರಕಾರ 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಆರಂಭಿಸಿದಾಗ ಅವುಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಿದ್ಧಪಡಿಸಿದ 'ಬಾಸ್' ಲಿನಕ್ಸ್ ಕೂಡ ಇತ್ತು. ತಾಳವಾಡಿ, ಹೊಸೂರು ಭಾಗದ ಕನ್ನಡಿಗರ ಮಕ್ಕಳೂ ಓದುವುದು ಆ ರಾಜ್ಯದ ಶಾಲೆಗಳಲ್ಲಿಯೇ. ಕರ್ನಾಟಕದಲ್ಲಿ ಡಿ.ಎಸ್.ಇ.ಆರ್.ಟಿ.ಯ 'ವಿಷಯ ಶಿಕ್ಷಕರ ವೇದಿಕೆ' ತರಬೇತಿಗಳಲ್ಲಿ 2010ರ ದಶಕದಲ್ಲಿ ಅನೇಕ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಲು ಕಲಿತರು. ಇನ್ನು ಎಂಜಿನಿಯರಿಂಗ್, ಬಿ.ಸಿ.ಎ. ಓದುವವರಿಗೆ ಲ್ಯಾಬಿನ ಅಭ್ಯಾಸಕ್ಕಾಗಿ ಲಿನಕ್ಸ್ ಬೇಕಾಗುತ್ತದೆ. ಓದು ಮುಗಿದ ಮೇಲೆ ಅದು ಹಾಗೆಯೇ ಉಳಿದು, ಒಂದು ದಿನ "ಇದು ಯಾಕೆ ಬೇಕು?" ಎಂಬ ಪ್ರಶ್ನೆ ಏಳುತ್ತದೆ.

ಮೊದಲ ಪ್ರಶ್ನೆ: ಹೋಗಬೇಕಾದವರು ಯಾರು?

ತೆಗೆಯುವ ಮುನ್ನ ಕಾರಣವನ್ನು ವಿಚಾರಿಸಬೇಕು. ಕೆಲವು ಕಾರಣಗಳಿಗೆ ತೆಗೆಯದೆಯೇ ಪರಿಹಾರ ಸಿಗುತ್ತದೆ.

ಗಡಿಯಾರದ ದೂರನ್ನೇ ನೋಡೋಣ. ಲಿನಕ್ಸ್ ಬಳಸಿ ಮುಚ್ಚಿ ಆಮೇಲೆ ವಿಂಡೋಸ್ ತೆರೆದರೆ ಬೆಳಿಗ್ಗೆ 10 ಗಂಟೆಗೆ ನಸುಕಿನ 4.30 ಎಂದು ತೋರಿಸುತ್ತದೆ. ಬ್ಯಾಟರಿ ಕೆಟ್ಟಿದೆ, ವೈರಸ್ ಬಂದಿದೆ ಎಂದು ಜನ ಶಂಕಿಸುತ್ತಾರೆ. ಎರಡೂ ಅಲ್ಲ. ಗಣಕದೊಳಗೆ, ವಿದ್ಯುತ್ ಇಲ್ಲದಾಗಲೂ ನಡೆಯುವ ಒಂದು ಪುಟ್ಟ ಗಡಿಯಾರವಿದೆ. ಅದರಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ಭಾವಿಸುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದರಲ್ಲಿ ಗ್ರಿನಿಚ್ ಆಧಾರದ ಜಾಗತಿಕ ಸಮಯವನ್ನು ಇಡುತ್ತದೆ. ಭಾರತದ ಸಮಯ ನಿಂತಿರುವುದು 82½ ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. 82½ನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. ಗಡಿಯಾರ ತಪ್ಪುವುದು ಸರಿಯಾಗಿ ಇಷ್ಟೇ! ಲಿನಕ್ಸ್‌ನಲ್ಲಿ ಒಂದು ಆಯ್ಕೆಯನ್ನು ಬದಲಿಸಿದರೆ ಈ ತಕರಾರು ನಿಲ್ಲುತ್ತದೆ.

ಇನ್ನೊಂದು ದೂರು, ಆರಂಭದಲ್ಲಿ ಬೇಡದ ವ್ಯವಸ್ಥೆಯೇ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು. ಇದಕ್ಕೂ ತೆಗೆಯಬೇಕಿಲ್ಲ, ಸರದಿ ಬದಲಿಸಿದರೆ ಸಾಕು.

ಜಾಗ ಸಾಲದು ಎಂಬುದು ನಿಜವಾದ ಕಾರಣ. 256 ಜಿ.ಬಿ. ಡಿಸ್ಕಿನಲ್ಲಿ ಬಳಸದ ವ್ಯವಸ್ಥೆ 60 ಜಿ.ಬಿ. ಹಿಡಿದು ಕುಳಿತಿದ್ದರೆ ಅದನ್ನು ಕಳಿಸುವುದು ನ್ಯಾಯವೇ. ಆದರೆ ಹೋಗಬೇಕಾದದ್ದು ಯಾವಾಗಲೂ ಲಿನಕ್ಸೇ ಎಂದು ತಿಳಿಯಬೇಕಾಗಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ, ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗ ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಹಳೆಯ ಲ್ಯಾಪ್‌ಟಾಪ್ ಈ ಪರೀಕ್ಷೆಯಲ್ಲಿ ಪಾಸಾಗದಿದ್ದರೆ, ಅದರಲ್ಲಿ ಲಿನಕ್ಸನ್ನು ಉಳಿಸಿಕೊಂಡು ಭದ್ರತಾ ಪರಿಷ್ಕರಣೆ ಪಡೆಯುತ್ತಿರುವುದೇ ಜಾಣತನವಾದೀತು.

ಮಾಡುವ ಕೆಲಸವೂ ಇದನ್ನು ನಿರ್ಧರಿಸುತ್ತದೆ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿ ಡಿ.ಟಿ.ಪಿ. ಕೆಲಸ ಕಲಿತು ನಾಲ್ಕು ಕಾಸು ಸಂಪಾದಿಸಬೇಕೆಂಬ ವಿದ್ಯಾರ್ಥಿಗೆ ಪೇಜ್‌ಮೇಕರ್, ಕೋರೆಲ್‌ಡ್ರಾ ಬೇಕು. ಅವಕ್ಕೆ ವಿಂಡೋಸ್ ಬೇಕು. ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತಗಳು ಆ ಅಕ್ಷರಗಳಿಲ್ಲದ ವ್ಯವಸ್ಥೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಂಡರೆ ಎರಡೂ ಕಡೆ ಓದಬಹುದು. ಪ್ರೋಗ್ರಾಮಿಂಗ್ ಕಲಿಯುವವನಿಗಾದರೋ ಲಿನಕ್ಸೇ ಹೆಚ್ಚು ಉಪಯೋಗಕ್ಕೆ ಬರಬಹುದು.

ಹೊಲ, ಬದು, ಉತಾರ

ಡಿಸ್ಕಿನ ಒಳಗೆ ಏನಿದೆ ಎಂಬುದನ್ನು ರೈತರ ಮನೆಯ ಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ. ಡಿಸ್ಕ್ ಒಂದು ಉದ್ದನೆಯ ಹೊಲ. ಅದನ್ನು ಬದು ಹಾಕಿ ಪಾಲು ಮಾಡಿದ್ದಾರೆ. ಒಂದು ಪಾಲಿನಲ್ಲಿ ವಿಂಡೋಸ್ ಬೆಳೆ, ಇನ್ನೊಂದರಲ್ಲಿ ಲಿನಕ್ಸ್ ಬೆಳೆ. ಈ ಪಾಲುಗಳನ್ನು ವಿಭಾಗ ಅಥವಾ ಪಾರ್ಟಿಶನ್ ಎನ್ನುತ್ತಾರೆ. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿಯಲ್ಲಿ ಬರೆದಿರುತ್ತದೆ. ಅದು ಹೊಲದ ಉತಾರ ಇದ್ದಂತೆ.

ಹಳೆಯ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಎಲ್ಲಕ್ಕೂ ಆಧಾರ. ಅದರಲ್ಲಿ 446 ಬೈಟು ಗಣಕವನ್ನು ಎಬ್ಬಿಸುವ ಪುಟ್ಟ ಕ್ರಮವಿಧಿಗೆ, 64 ಬೈಟು ಪಾಲುಗಳ ಪಟ್ಟಿಗೆ, ಕೊನೆಯ 2 ಬೈಟು ಗುರುತಿಗೆ ಮೀಸಲು. ಒಂದು ಪಾಲಿನ ವಿವರಕ್ಕೆ 16 ಬೈಟು ಬೇಕು. ಆದ್ದರಿಂದಲೇ ಆ ಪದ್ಧತಿಯಲ್ಲಿ ನಾಲ್ಕು ಮುಖ್ಯ ವಿಭಾಗಗಳಿಗಿಂತ ಹೆಚ್ಚು ಮಾಡಲು ಬರುತ್ತಿರಲಿಲ್ಲ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ವ್ಯಾಪಕವಾದ ಯು.ಇ.ಎಫ್.ಐ. ಪದ್ಧತಿಯಲ್ಲಿ ಇದಕ್ಕೆಂದೇ ಒಂದು ಚಿಕ್ಕ ವಿಭಾಗ ಇರುತ್ತದೆ. ಅದರ ಹೆಸರು ಇ.ಎಫ್.ಐ. ವಿಭಾಗ. ಅದರೊಳಗೆ ಮೈಕ್ರೋಸಾಫ್ಟಿಗೆ ಒಂದು ಫೋಲ್ಡರ್, ಉಬುಂಟುವಿಗೆ ಒಂದು ಫೋಲ್ಡರ್. ಯಾರನ್ನು ಮೊದಲು ಕರೆಯಬೇಕೆಂಬ ಸರದಿ ಮದರ್‌ಬೋರ್ಡಿನ ನೆನಪಿನಲ್ಲಿ ದಾಖಲಾಗಿರುತ್ತದೆ.

ಲಿನಕ್ಸನ್ನು ಆಮೇಲೆ ಸೇರಿಸಿದ ಗಣಕಗಳಲ್ಲಿ ಬಾಗಿಲು ಕಾಯುವವನು ವಿಂಡೋಸ್‌ನವನಲ್ಲ, ಲಿನಕ್ಸ್ ಕಡೆಯ 'ಗ್ರಬ್' ಎಂಬ ತಂತ್ರಾಂಶ. ಆರಂಭದಲ್ಲಿ ಪಟ್ಟಿ ತೋರಿಸಿ ಯಾರು ಬೇಕೆಂದು ಕೇಳುವವನು ಅವನೇ. ಈ ಗ್ರಬ್‌ನ ಚಿಕ್ಕ ಭಾಗ ಮಾತ್ರ ಬಾಗಿಲಲ್ಲಿದೆ. ಉಳಿದ ದೊಡ್ಡ ಭಾಗವೂ, ಪಟ್ಟಿಯೂ ಲಿನಕ್ಸ್‌ನ ಪಾಲಿನೊಳಗಿವೆ. ಎಡವಟ್ಟಿನ ಮೂಲ ಇಲ್ಲಿದೆ. ವಿದ್ಯಾರ್ಥಿ ವಿಂಡೋಸ್‌ನಲ್ಲಿ ಕುಳಿತು ಲಿನಕ್ಸ್‌ನ ಪಾಲನ್ನು ಅಳಿಸಿಬಿಡುತ್ತಾನೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ವಿಂಡೋಸ್ ನಡೆಯುತ್ತಲೇ ಇರುತ್ತದೆ. ಮುಚ್ಚಿ ಮತ್ತೆ ಆರಂಭಿಸಿದಾಗ ಬಾಗಿಲಲ್ಲಿದ್ದ ಗ್ರಬ್ ತನ್ನ ಪಾಲನ್ನು ಹುಡುಕುತ್ತದೆ, ಅದು ಇಲ್ಲ! 'ಗ್ರಬ್ ರೆಸ್ಕ್ಯೂ' ಎಂಬ ಸಾಲು, ಇಲ್ಲವೇ ಬರಿಯ 'ಗ್ರಬ್' ಎಂಬ ಸಾಲು ಕಪ್ಪು ಪರದೆಯ ಮೇಲೆ ಮೂಡಿ ಎಲ್ಲವೂ ನಿಲ್ಲುತ್ತದೆ. ವಿಂಡೋಸ್‌ಗೆ ಏನೂ ಆಗಿಲ್ಲ. ಮನೆಯೊಳಗೆ ಅದು ಸುರಕ್ಷಿತವಾಗಿಯೇ ಇದೆ. ಒಳಗೆ ಹೋಗುವ ದಾರಿ ಮಾತ್ರ ತಪ್ಪಿದೆ.

ಆದ್ದರಿಂದ ನೆನಪಿಡಬೇಕಾದ ಕ್ರಮ ಮೂರೇ ಮಾತಿನದು: ಮೊದಲು ಕಡತ, ಆಮೇಲೆ ಬಾಗಿಲು, ಕೊನೆಗೆ ನೆಲ.

ಮೊದಲು ಕಡತ

ಲಿನಕ್ಸ್‌ನ ಪಾಲಿನಲ್ಲಿರುವ ಕಡತಗಳನ್ನು ವಿಂಡೋಸ್‌ನಿಂದ ಓದುತ್ತೇನೆಂದು ಹೊರಡಬಾರದು. ಲಿನಕ್ಸ್ ಬಳಸುವ 'ಇ.ಎಕ್ಸ್.ಟಿ.4' ಎಂಬ ಬರವಣಿಗೆಯ ಕ್ರಮ ವಿಂಡೋಸ್‌ಗೆ ತಾನಾಗಿ ತಿಳಿಯದು. ತಿಳಿಯದ ಪಾಲನ್ನು ಕಂಡಾಗ ಕೆಲವು ವೇಳೆ ಅದು 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತದೆ. ಅದಕ್ಕೆ ಹೂಂ ಎನ್ನಬಾರದು. ಲಿನಕ್ಸ್‌ಗಾದರೆ ವಿಂಡೋಸ್‌ನ ಕಡತಗಳನ್ನು ಓದಲು ಬರುತ್ತದೆ. ಹಾಗಾಗಿ ಲಿನಕ್ಸ್ ತೆರೆದು, ಬೇಕಾದುದನ್ನೆಲ್ಲ ಹೊರಗಿನ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕಿಗೆ ನಕಲು ಮಾಡಬೇಕು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಮರೆಯಬಾರದು. ನಕಲಾದ ಕಡತಗಳಲ್ಲಿ ನಾಲ್ಕಾರನ್ನು ಬೇರೊಂದು ಗಣಕದಲ್ಲಿ ತೆರೆದು ನೋಡಬೇಕು. ತೆರೆಯದ ನಕಲು ನಕಲಲ್ಲ.

ವಿಂಡೋಸ್‌ನ ಪಾಲಿಗೇ ನಕಲು ಮಾಡಹೊರಟಾಗ 'ಬರೆಯಲು ಅನುಮತಿಯಿಲ್ಲ' ಎಂಬ ಉತ್ತರ ಬರುವುದುಂಟು. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಸೌಲಭ್ಯ ಇದಕ್ಕೆ ಸಾಮಾನ್ಯ ಕಾರಣ. ಅದಿದ್ದಾಗ 'ಶಟ್ ಡೌನ್' ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. 'ರೀಸ್ಟಾರ್ಟ್' ಒತ್ತಿ ಅಲ್ಲಿಂದ ಲಿನಕ್ಸ್‌ಗೆ ಹೋದರೆ ಈ ತೊಡಕು ನೀಗುತ್ತದೆ.

ಇದೇ ಹೊತ್ತಿಗೆ ಎರಡು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೊದಲನೆಯದು, ಲಿನಕ್ಸ್‌ನ ಪಾಲುಗಳ ಅಳತೆ. ಇಲ್ಲೊಂದು ಗಣಿತವಿದೆ. ಡಿಸ್ಕ್ ಮಾಡುವವರೂ, ಉಬುಂಟುವಿನ 'ಡಿಸ್ಕ್ಸ್' ಉಪಕರಣವೂ ಒಂದು ಜಿ.ಬಿ. ಎಂದರೆ ನೂರು ಕೋಟಿ ಬೈಟು ಎಂದು ಎಣಿಸುತ್ತವೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಬರುವ 107,37,41,824 ಬೈಟನ್ನು ಒಂದು ಜಿ.ಬಿ. ಎನ್ನುತ್ತದೆ. ಹೀಗಾಗಿ 500 ಜಿ.ಬಿ. ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 465 ಎಂದು ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದ್ದಾನೆಂದಲ್ಲ. ಲಿನಕ್ಸ್‌ನಲ್ಲಿ 100 ಜಿ.ಬಿ. ಎಂದು ಕಂಡ ಪಾಲು ವಿಂಡೋಸ್‌ನಲ್ಲಿ 93 ಎಂದು ಕಾಣುತ್ತದೆ. ಈ ಲೆಕ್ಕ ಗೊತ್ತಿಲ್ಲದವರು ತಪ್ಪು ಪಾಲನ್ನು ಅಳಿಸುವ ಅಪಾಯವಿದೆ.

ಎರಡನೆಯದು, ಬಿಟ್‌ಲಾಕರ್ ಕೀಲಿ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್‌ನ ಪಾಲು ಗೂಢಲಿಪಿಯಲ್ಲಿರುತ್ತದೆ. ಆರಂಭದ ವ್ಯವಸ್ಥೆಯಲ್ಲಿ ಬದಲಾವಣೆ ಕಂಡರೆ ಅದು ಕಳ್ಳನಿರಬಹುದೆಂದು ಶಂಕಿಸಿ 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ಗಣಕದ ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಅದನ್ನು ಮುಂಚಿತವಾಗಿಯೇ ಕಾಗದದ ಮೇಲೆ ಬರೆದಿಡದಿದ್ದರೆ, ಮುಂದಿನ ಕೆಲಸ ಎಷ್ಟೇ ಸರಿಯಾಗಿ ಮಾಡಿದರೂ ಕಡತಗಳು ಬೀಗದೊಳಗೆ ಉಳಿದಾವು.

ಆಮೇಲೆ ಬಾಗಿಲು

ಗಣಕ ಹಳೆಯ ಪದ್ಧತಿಯದೋ ಹೊಸದೋ ಎಂಬುದು ವಿಂಡೋಸ್‌ನ 'ಸಿಸ್ಟಂ ಇನ್ಫರ್ಮೇಶನ್' ಪುಟದಲ್ಲಿ 'ಬಯಾಸ್ ಮೋಡ್' ಎಂಬ ಸಾಲಿನೆದುರು ತಿಳಿಯುತ್ತದೆ. 'ಯು.ಇ.ಎಫ್.ಐ.' ಎಂದಿದ್ದರೆ ಕೆಲಸ ಹಗುರ. ಗಣಕ ಆರಂಭಿಸುವಾಗ ಎಫ್2 ಅಥವಾ ಡಿಲೀಟ್ ಅಥವಾ ಆ ಕಂಪನಿ ಗೊತ್ತುಮಾಡಿದ ಕೀಲಿ ಒತ್ತಿ ಸೆಟಪ್ ಪರದೆಗೆ ಹೋಗಬೇಕು. ಅಲ್ಲಿನ ಸರದಿ ಪಟ್ಟಿಯಲ್ಲಿ ಉಬುಂಟುವಿನ ಮೇಲಕ್ಕೆ 'ವಿಂಡೋಸ್ ಬೂಟ್ ಮ್ಯಾನೇಜರ್' ತಂದು ಉಳಿಸಬೇಕು. ಈಗ ಗಣಕವನ್ನು ಎರಡು ಸಲ ಮುಚ್ಚಿ ತೆರೆಯಬೇಕು. ಗ್ರಬ್‌ನ ಪಟ್ಟಿ ಕಾಣದೆ ನೇರವಾಗಿ ವಿಂಡೋಸ್ ಬಂದರೆ ಬಾಗಿಲು ಕೈಗೆ ಬಂತು ಎಂದರ್ಥ.

'ಲೆಗಸಿ' ಎಂದಿದ್ದರೆ ಆ ಮೊದಲ 446 ಬೈಟುಗಳಲ್ಲಿ ಕುಳಿತ ಗ್ರಬ್‌ನ ಜಾಗಕ್ಕೆ ವಿಂಡೋಸ್‌ನ ಕ್ರಮವಿಧಿಯನ್ನು ಮತ್ತೆ ಬರೆಯಬೇಕು. ಮೈಕ್ರೋಸಾಫ್ಟ್ ತಾಣದಿಂದ ಉಚಿತವಾಗಿ ಸಿಗುವ ಸಾಧನದಿಂದ, ಕನಿಷ್ಠ 8 ಜಿ.ಬಿ.ಯ ಖಾಲಿ ಪೆನ್‌ಡ್ರೈವಿನಲ್ಲಿ ವಿಂಡೋಸ್ ಸ್ಥಾಪನೆಯ ಪ್ರತಿ ಮಾಡಿಕೊಳ್ಳಬೇಕು. ಅದರಿಂದ ಗಣಕ ಆರಂಭಿಸಿ, 'ಇನ್‌ಸ್ಟಾಲ್' ಎಂಬುದನ್ನು ಒತ್ತದೆ 'ರಿಪೇರ್' ಎಂಬುದನ್ನು ಆರಿಸಿ, ಕಮಾಂಡ್ ಪ್ರಾಂಪ್ಟಿನಲ್ಲಿ 'ಬೂಟ್‌ರೆಕ್' ಆಜ್ಞೆಯನ್ನು 'ಫಿಕ್ಸ್ ಎಂ.ಬಿ.ಆರ್.' ಆಯ್ಕೆಯೊಂದಿಗೆ ಕೊಡಬೇಕು. ಇದು ಪಾಲುಗಳ ಪಟ್ಟಿಯನ್ನು ಮುಟ್ಟುವುದಿಲ್ಲ. ಮತ್ತೆ ಆರಂಭಿಸಿದಾಗ ವಿಂಡೋಸ್ ನೇರವಾಗಿ ಬರಬೇಕು. ಈ ಪೆನ್‌ಡ್ರೈವ್ ಹೊಸ ಪದ್ಧತಿಯ ಗಣಕವಿರುವವರ ಬಳಿಯೂ ಇರುವುದು ಒಳ್ಳೆಯದು.

ಕೊನೆಗೆ ನೆಲ

ಇಷ್ಟಾದ ಮೇಲೆ ಬದು ಒಡೆಯುವುದು ಐದು ನಿಮಿಷದ ಕೆಲಸ. ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದರೆ ಇಡೀ ಹೊಲದ ನಕ್ಷೆ ಕಾಣುತ್ತದೆ. ಲಿನಕ್ಸ್‌ನ ಪಾಲಿಗೆ ಸಿ, ಡಿ ಮುಂತಾದ ಅಕ್ಷರವಿರುವುದಿಲ್ಲ. ಆದರೆ ಅಕ್ಷರವಿಲ್ಲದ್ದೆಲ್ಲ ಲಿನಕ್ಸ್ ಎಂದು ತಿಳಿಯಬಾರದು. 'ಇ.ಎಫ್.ಐ.' ಎಂದೂ 'ರಿಕವರಿ' ಎಂದೂ ಬರೆದಿರುವ ಪಾಲುಗಳಿಗೂ ಅಕ್ಷರವಿಲ್ಲ, ಅವನ್ನು ಮುಟ್ಟಲೇಬಾರದು. ನೋಟ್‌ಬುಕ್ಕಿನಲ್ಲಿ ಬರೆದ ಅಳತೆಗೆ ತಾಳೆ ನೋಡಿ, ಸರಿಹೊಂದಿದ ಪಾಲನ್ನು ಮಾತ್ರ 'ಡಿಲೀಟ್ ವಾಲ್ಯೂಮ್' ಮಾಡಬೇಕು. ಹಳೆಯ ಲಿನಕ್ಸ್‌ನಲ್ಲಿ 'ಸ್ವಾಪ್' ಎಂಬ ಇನ್ನೊಂದು ಚಿಕ್ಕ ಪಾಲೂ ಇರುವುದುಂಟು.

ತೆರವಾದ ನೆಲವನ್ನು ಸಿ ಪಾಲಿಗೆ ಸೇರಿಸಲು 'ಎಕ್ಸ್‌ಟೆಂಡ್ ವಾಲ್ಯೂಮ್' ಇದೆ. ಅದಕ್ಕೊಂದು ನಿಯಮ: ತೆರವಾದ ನೆಲ ಸಿ ಪಾಲಿನ ಬಲಮಗ್ಗುಲಿಗೇ ಹೊಂದಿಕೊಂಡಿರಬೇಕು. ನಡುವೆ ರಿಕವರಿ ಪಾಲು ಬಂದಿದ್ದರೆ ಆ ಗುಂಡಿ ಮಸುಕಾಗಿ ಕಾಣುತ್ತದೆ, ಒತ್ತಲು ಬರುವುದಿಲ್ಲ. ಹಾಗಾದಾಗ ರಿಕವರಿ ಪಾಲನ್ನು ಅಳಿಸಲು ಹೋಗದೆ, ತೆರವಾದ ನೆಲದಲ್ಲಿ ಹೊಸ ವಿಭಾಗ ಮಾಡಿ ಓದಿನ ಕಡತಗಳಿಗೆ ಬಿಟ್ಟುಕೊಡುವುದು ಲೇಸು. ಇ.ಎಫ್.ಐ. ವಿಭಾಗದೊಳಗೆ ಉಬುಂಟುವಿನ ಫೋಲ್ಡರ್ ಉಳಿದೇ ಇರುತ್ತದೆ. ಅದು ಕೆಲವೇ ಎಂ.ಬಿ.ಯದು, ಇದ್ದರೆ ತೊಂದರೆಯಿಲ್ಲ.

ಲಿನಕ್ಸ್ ಉಳಿಸಿಕೊಳ್ಳುವವರಿಗೆ

ವಿಂಡೋಸನ್ನೇ ಕಳಿಸುವುದಾದರೆ ಬಾಗಿಲಿನ ಚಿಂತೆ ಕಡಿಮೆ. ಬಾಗಿಲಲ್ಲಿ ಇರುವವನು ಹೇಗೂ ಗ್ರಬ್. ಆದರೆ ಕಡತಗಳ ನಕಲು ಇಲ್ಲಿಯೂ ಮೊದಲ ಕೆಲಸವೇ. ವಿಂಡೋಸ್‌ನ ಪಾಲನ್ನು ಅಳಿಸಿ ಲಿನಕ್ಸ್‌ನ ಪಾಲನ್ನು ಎಡಕ್ಕೆ ಸರಿಸುವ ಸಾಹಸಕ್ಕೆ ಕೈಹಾಕದಿರುವುದು ಒಳ್ಳೆಯದು. ಆಗ ಒಳಗಿನ ಕಡತಗಳೆಲ್ಲ ಒಂದೊಂದಾಗಿ ಜಾಗ ಬದಲಿಸಬೇಕು. ನಡುವೆ ಕರೆಂಟು ಹೋಗಿ ಬ್ಯಾಟರಿಯೂ ತೀರಿದರೆ ಎಲ್ಲವೂ ಕೆಡುತ್ತದೆ. ಅದರ ಬದಲು ವಿಂಡೋಸ್ ಇದ್ದ ಪಾಲನ್ನು ಫಾರ್ಮ್ಯಾಟ್ ಮಾಡಿ ದಾಸ್ತಾನಿಗೆ ಬಳಸಬಹುದು. ಇಲ್ಲಿಯೂ ಇ.ಎಫ್.ಐ. ವಿಭಾಗ ಅಳಿಸಬಾರದು, ಗ್ರಬ್ ಕೂಡ ಅದರಲ್ಲಿಯೇ ವಾಸಿಸುತ್ತದೆ. ಕೊನೆಗೆ ಗ್ರಬ್‌ನ ಪಟ್ಟಿಯನ್ನು ನವೀಕರಿಸಿದರೆ ಹೋದವರ ಹೆಸರೂ ಮಾಯವಾಗುತ್ತದೆ. ವಿಂಡೋಸ್ 8 ಅಥವಾ ಅದರ ನಂತರದ ಆವೃತ್ತಿಯೊಡನೆ ಮಾರಾಟವಾದ ಲ್ಯಾಪ್‌ಟಾಪುಗಳಲ್ಲಿ ಪರವಾನಗಿಯ ಕೀಲಿ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲಿಯೇ ಅಡಕವಾಗಿರುವುದರಿಂದ, ಮುಂದೆ ಬೇಕೆನಿಸಿದರೆ ಅದೇ ಆವೃತ್ತಿಯನ್ನು ಮತ್ತೆ ಸ್ಥಾಪಿಸಲು ಅವಕಾಶವಿದೆ.

ಎಡವಟ್ಟು ಆಗಿಹೋಗಿದ್ದರೆ?

ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಸಾಲು ಕಂಡರೆ ಮೊದಲು ಮಾಡಬೇಕಾದದ್ದು, ಫಾರ್ಮ್ಯಾಟ್ ಮಾಡಿಸದಿರುವುದು. ಹೊಸ ಪದ್ಧತಿಯ ಗಣಕವಾದರೆ ಸೆಟಪ್ ಪರದೆಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದರೆ ಸಾಮಾನ್ಯವಾಗಿ ಅಷ್ಟಕ್ಕೇ ಸರಿಹೋಗುತ್ತದೆ. ಹಳೆಯದಾದರೆ ಮೇಲೆ ಹೇಳಿದ ರಿಪೇರಿ ಪೆನ್‌ಡ್ರೈವ್ ಬೇಕು. ಅಂಗಡಿಗೆ ಒಯ್ಯಲೇಬೇಕಾದರೆ, "ವಿಂಡೋಸ್‌ನ ಬೂಟ್ ಮಾತ್ರ ಸರಿಮಾಡಿ, ಕಡತ ಅಳಿಸಬೇಡಿ" ಎಂದು ಸ್ಪಷ್ಟವಾಗಿ ಹೇಳಿ, ಚೀಟಿಯಲ್ಲಿ ಬರೆಸಿಕೊಂಡು ಕೊಡುವುದು ಪಾಲಕರು ಮಾಡಬಹುದಾದ ಕೆಲಸ.

ಬೇಕಾದ ಪಾಲನ್ನೇ ತಪ್ಪಾಗಿ ಅಳಿಸಿದ್ದರೂ ಆಸೆ ಬಿಡಬೇಕಾಗಿಲ್ಲ. ಪಾಲು ಅಳಿಸುವುದೆಂದರೆ ಉತಾರದಿಂದ ಹೆಸರು ತೆಗೆದಂತೆ. ಹೊಲದೊಳಗಿನ ಬೆಳೆ ಆ ಕ್ಷಣಕ್ಕೆ ಅಲ್ಲಿಯೇ ಇರುತ್ತದೆ. ಅದರ ಮೇಲೆ ಹೊಸದೇನನ್ನೂ ಬರೆಯದೆ, ಗಣಕವನ್ನು ಕೂಡಲೇ ನಿಲ್ಲಿಸಿ, ಬೇರೊಂದು ಪೆನ್‌ಡ್ರೈವಿನಿಂದ ಆರಂಭಿಸಿ 'ಟೆಸ್ಟ್‌ಡಿಸ್ಕ್' ಎಂಬ ಉಚಿತ ತಂತ್ರಾಂಶದ ಮೂಲಕ ಆ ಪಾಲಿನ ಎಲ್ಲೆಗಳನ್ನು ಹುಡುಕಿ ಪಟ್ಟಿಗೆ ಮತ್ತೆ ಸೇರಿಸಲು ಸಾಧ್ಯವಿದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಈ ಸಾಧ್ಯತೆ ಹೆಚ್ಚು. ಎಸ್.ಎಸ್.ಡಿ.ಯಲ್ಲಿ 'ಟ್ರಿಮ್' ಎಂಬ ಕ್ರಿಯೆ ಬೇಡವಾದ ಜಾಗವನ್ನು ತಾನೇ ಶುಚಿಗೊಳಿಸುವುದರಿಂದ ತಡಮಾಡಿದಷ್ಟೂ ನಷ್ಟ.

ಈ ಸಂಗತಿಗೆ ಇನ್ನೊಂದು ಮಗ್ಗುಲೂ ಇದೆ. ಲ್ಯಾಪ್‌ಟಾಪ್ ಮಾರುವಾಗ ಪಾಲು ಅಳಿಸಿದರೆ ಸಾಕೆಂದು ತಿಳಿದವರ ಫೋಟೋ, ಬ್ಯಾಂಕಿನ ಕಾಗದಪತ್ರ, ಆಧಾರ್ ಪ್ರತಿ ಕೊಂಡವನ ಕೈಗೆ ಸಿಗಬಹುದು. ಮಾರುವ ಮುನ್ನ ವಿಂಡೋಸ್‌ನ 'ರೀಸೆಟ್' ಸೌಲಭ್ಯದಲ್ಲಿ ಡಿಸ್ಕನ್ನು ಪೂರ್ತಿ ಶುಚಿಮಾಡುವ ಆಯ್ಕೆಯನ್ನು ಬಳಸಬೇಕು.

ಪಾಲಕರಿಗೆ ಒಂದು ಮಾತು. ಮಗ ಅಥವಾ ಮಗಳು ಗಣಕ ಬಿಚ್ಚಿ ಕಟ್ಟುವುದನ್ನು ಕಂಡು ಬೈಯಬೇಕಾಗಿಲ್ಲ. ಒಂದು ವ್ಯವಸ್ಥೆಯನ್ನು ಸ್ಥಾಪಿಸಿ, ಇನ್ನೊಂದನ್ನು ಜೋಪಾನವಾಗಿ ತೆಗೆದ ವಿದ್ಯಾರ್ಥಿಗೆ ಗಣಕ ಹೇಗೆ ಏಳುತ್ತದೆಂಬುದು ಪುಸ್ತಕದಿಂದ ತಿಳಿಯುವುದಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: "ನಕಲು ಎಲ್ಲಿ ಇಟ್ಟಿದ್ದೀ?" ಪೆನ್‌ಡ್ರೈವ್ ತೋರಿಸಿದರೆ ಮುಂದುವರಿಯಲು ಬಿಡಬಹುದು. ವಿದ್ಯಾರ್ಥಿಗಳಿಗೂ ಒಂದು ಮಾತು. ಪರೀಕ್ಷೆಯ ಹಿಂದಿನ ದಿನ, ಪ್ರಾಜೆಕ್ಟ್ ಒಪ್ಪಿಸುವ ವಾರ ಈ ಕೆಲಸಕ್ಕೆ ಕೈಹಾಕಬಾರದು. ಚಾರ್ಜರ್ ಚುಚ್ಚಿ, ಬ್ಯಾಟರಿ ತುಂಬಿಸಿ, ರಜೆಯ ಒಂದು ಬೆಳಿಗ್ಗೆ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಕುಳಿತರೆ, ಮಧ್ಯಾಹ್ನದ ಊಟದ ಹೊತ್ತಿಗೆ ಗಣಕಕ್ಕೆ ಒಬ್ಬನೇ ಒಡೆಯ ಉಳಿದಿರುತ್ತಾನೆ, ಕಡತಗಳೂ ಉಳಿದಿರುತ್ತವೆ.